ಎರಡು ಬೆರಳು ಎತ್ತರದ ಗಾಡಿ

ಎರೆಮಣ್ಣಿನ ಬಯಲಿನಲ್ಲಿ ಹುಟ್ಟಿ ಬೆಳೆದವರಿಗೆ ಎತ್ತರದ ಹುಚ್ಚು ಸ್ವಲ್ಪ ಜಾಸ್ತಿ. ಬೇರೆ ಸೀಮೆಯವರು ದಿಬ್ಬವೆಂದು ದಾಟಿ ಹೋಗುವುದನ್ನು ನಾವು ಗುಡ್ಡವೆಂದು ಕರೆದು, ಸೈಕಲ್ ನಿಲ್ಲಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತೇವೆ. ನನಗಂತೂ ಈ ಹುಚ್ಚಿಗೆ ಸಂಬಳ ಬೇರೆ ಬರುತ್ತದೆ. ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಒಂದು ಹೊಳೆ, ಹೊಳೆಯ ದಂಡೆಗೊಂದು ಮನೆ, ಇದನ್ನು ಎಷ್ಟು ಮಕ್ಕಳ ಕೈಯಿಂದ ಬರೆಸಿದ್ದೇನೋ ನನಗೇ ಗೊತ್ತಿಲ್ಲ. ಒಮ್ಮೆ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಬಣ್ಣ ತುಂಬುವುದನ್ನು ನಿಲ್ಲಿಸಿ, "ಸರ, ನೀವು ಖರೇನ ಗುಡ್ಡದ ಮ್ಯಾಲ ಹೋಗೀರೇನ್ರಿ? ಅಲ್ಲಿಂದ ಏನ್ ಕಾಣತೈತ್ರಿ?" ಎಂದು ಕೇಳಿಬಿಟ್ಟಳು. ನಾನು ಗುಡ್ಡದ ಬುಡದವರೆಗೆ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಶಾಲೆಯ ಪ್ರವಾಸದಲ್ಲಿ ಎಲ್ಲರೂ ಮೇಲೆ ಹತ್ತಿದರು, ನಾನು ಕೆಳಗೆ ನಿಂತು ಚೀಲ ಕಾಯ್ದೆ. ಹುಡುಗಿಗೆ ಮಾತ್ರ ಗಂಭೀರವಾಗಿ, "ಮೊದಲ ಬಣ್ಣಾ ತುಂಬವಾ, ಆಮ್ಯಾಲ ಹೇಳತೀನಿ" ಎಂದೆ.

ಅವತ್ತಿನಿಂದ ಕನಸು ಶುರುವಾಯಿತು. ನಮ್ಮ ಶಾಲೆಯ ಮಾಳಿಗೆಯ ಮೇಲೆ ನಿಂತರೆ ದೂರದಲ್ಲಿ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಬೇಸಗೆಯಲ್ಲಿ ಅದು ಬರೀ ಒಂದು ಧೂಳಿನ ಗೆರೆ. ಮಳೆ ಬಿದ್ದ ಮೇಲೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಬೆಳಿಗ್ಗೆ ನೀಲಿ, ಮಧ್ಯಾಹ್ನ ಹಸಿರು, ಸಂಜೆಗೆ ಹೆಸರಿಲ್ಲದ ಒಂದು ಬಣ್ಣ. ಮೋಡದ ನೆರಳು ಅದರ ಮೈಮೇಲೆ ನಿಧಾನವಾಗಿ ಸರಿಯುತ್ತದೆ, ಗಾಳಿಯಂತ್ರಗಳು ತಮಗೆ ಯಾವ ಅವಸರವೂ ಇಲ್ಲವೆಂಬಂತೆ ತಿರುಗುತ್ತವೆ. ನಾನು ಬಿಡುವಿನ ಪಿರಿಯಡ್ಡಿನಲ್ಲಿ ಅಲ್ಲಿ ನಿಂತು ಮೇಲೆ ಹೋಗುತ್ತಿದ್ದೆ. ಮನಸ್ಸಿನಲ್ಲಿ ಹೋಗುವಾಗ ಏದುಸಿರು ಬರುವುದಿಲ್ಲ, ಮುಳ್ಳು ಚುಚ್ಚುವುದಿಲ್ಲ, ಹೊಟ್ಟೆ ಅಡ್ಡ ಬರುವುದಿಲ್ಲ. ಖರೆ ಹೋಗಬೇಕೆಂದರೆ ಇವು ಮೂರೂ ತಕರಾರು ತೆಗೆಯುತ್ತವೆ. ಹಾಗಾಗಿ ಗಾಡಿಯಲ್ಲಿ ಹೋಗಬೇಕೆಂದು ನಿಶ್ಚಯಿಸಿದೆ.

ಗಾಡಿ ನನ್ನ ಬಳಿ ಇತ್ತು. ಸಣ್ಣ ಎಸ್‌ಯುವಿ. ಜಾಹೀರಾತಿನಲ್ಲಿ ಅದು ಹಳ್ಳ ಹಾರಿ, ಬಂಡೆ ತುಳಿದು, ಮೋಡದ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ನಮ್ಮ ಮನೆಗೆ ಬಂದ ಮೇಲೆ ಗಟಾರದ ಮೇಲಿನ ಹಾಸುಗಲ್ಲು ಹತ್ತಿ ಬಾಗಿಲ ಮುಂದೆ ನಿಲ್ಲುವುದನ್ನು ಕಲಿತಿತ್ತು. ನನ್ನ ಹೆಂಡತಿ ಕಸ್ತೂರಿ ಅದರಲ್ಲಿ ಗಿರಣಿಗೆ ಜೋಳ ಒಯ್ಯುತ್ತಿದ್ದಳು, ಸಂತೆಯಿಂದ ಸೊಪ್ಪು ತರುತ್ತಿದ್ದಳು. ಡಿಕ್ಕಿಯಲ್ಲಿ ಸದಾ ಮೆಂತ್ಯದ ವಾಸನೆ. ನನಗೆ ಅದನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು. ಇಬ್ಬರ ಹಣೆಬರಹವೂ ಒಂದೇ ಎಂದುಕೊಂಡು ರವಿವಾರ ಅದರ ಮೈ ತೊಳೆಯುತ್ತಿದ್ದೆ.

ಇಷ್ಟಕ್ಕೇ ಬಿಟ್ಟಿದ್ದರೆ ಕನಸು ಕನಸಾಗಿಯೇ ಉಳಿಯುತ್ತಿತ್ತು, ಯಾರಿಗೂ ತ್ರಾಸಿರಲಿಲ್ಲ. ಆದರೆ ನಾನು ಬಾಯಿ ಬಿಟ್ಟೆ, ಅದೂ ಅತ್ತೆಯ ಮುಂದೆ. ನನ್ನ ಅತ್ತೆ ಗಂಗವ್ವ ಬೆಳ್ಳಟ್ಟಿಯ ಕಡೆ ಹೊಲದ ಮನೆಯಲ್ಲಿ ಮಗ ಮಲ್ಲಪ್ಪನ ಸಂಸಾರದೊಂದಿಗೆ ಇರುತ್ತಾರೆ. ಅವರ ಅಡಿಗೆಮನೆಯ ಕಿಟಕಿಗೆ ಎದುರಾಗಿ ಗುಡ್ಡ. ಗುಡ್ಡದ ಈಚೆ, ಅರಣ್ಯದವರ ಹದ್ದಿನ ಹೊರಗೆ, ಒಂದು ಕಡಿದಾದ ದಿಬ್ಬವಿದೆ. ಅದರ ನೆತ್ತಿಯ ಮೇಲೆ ಬೇವಿನ ಮರ, ಮರದ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಕಲ್ಲಿನ ಬಸವಣ್ಣ. ಅಲ್ಲಿಗೆ ಹೋಗಲು ಹಳೆಯ ಚಕ್ಕಡಿ ದಾರಿ. ಅತ್ತೆ ಹುಟ್ಟಿದ್ದು ಗುಡ್ಡದ ಆಚೆ, ಮುಂಡರಗಿಯ ಕಡೆ. ಮದುವೆಯಾಗಿ ಬಂದದ್ದು ಈಚೆ, ಅದೂ ಸುತ್ತು ಹಾಕಿ ರಸ್ತೆಯ ಮೇಲೆ. ನಡುವಿನ ಗುಡ್ಡವನ್ನು ಅವರು ಎರಡೂ ಕಡೆಯಿಂದ ನೋಡಿದ್ದಾರೆ, ಮೇಲಿನಿಂದ ಮಾತ್ರ ನೋಡಿಲ್ಲ. ಒಂದು ಸಲ ರೊಟ್ಟಿ ಬಡಿಯುತ್ತ, ನನಗಲ್ಲ, ಹಂಚಿಗೆ ಹೇಳುವವರ ಹಾಗೆ ಹೇಳಿದರು: "ಅಮಾಸಿಗೊಮ್ಮಿ ಎಲ್ಲಾರೂ ಬಸವಣ್ಣಗ ಹೋಗೋರು. ದನಾ ನೋಡಾಕ, ಅಡಿಗಿ ಮಾಡಾಕ ಒಬ್ಬರು ಮನ್ಯಾಗ ಇರಬೇಕಲ್ಲ, ನಾ ಇರತಿದ್ದೆ. ಈಗ ಹೋಗೂಣಂದ್ರ ಮಣಕಾಲ ಕೇಳವಲ್ಲವು. ದೇವರು ಇಲ್ಲಿಂದ್ಲೂ ಕೈ ಮುಗದ್ರ ಕಾಣತಾನ, ಅದಕ್ಕಲ್ಲ. ಮ್ಯಾಲ ನಿಂತ್ರ ನಮ್ಮ ಮನಿ ಹೆಂಗ ಕಾಣತೈತೋ, ಅದನ್ನೊಮ್ಮಿ ನೋಡಬೇಕಂತ ಇತ್ತು."

ಮಲ್ಲಪ್ಪ ಟ್ರ್ಯಾಕ್ಟರಿನಲ್ಲಿ ಕರೆದೊಯ್ಯುತ್ತೇನೆಂದು ಎಷ್ಟೋ ಸಲ ಕರೆದಿದ್ದ. "ಟ್ರ್ಯಾಕ್ಟರಿನ್ಯಾಗ ಹೋದ್ರ ನಾ ಒಂದ್ ಕಡೆ, ನನ್ನ ಸೊಂಟ ಒಂದ್ ಕಡೆ" ಎಂದು ಅತ್ತೆ ಒಲ್ಲೆ ಅಂದಿದ್ದರು. ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವುದಾಗಿ ಹೇಳಿದರೆ, "ನಾಕ ಮಂದಿ ಹೊತ್ಕೊಂಡ್ ಹೋಗೂದು ಇದ್ದ ಐತಿ, ಈಗ್ಯಾಕಪಾ ಅವಸರ" ಎಂದು ನಕ್ಕಿದ್ದರು. ನನಗೆ ಅದನ್ನು ಕೇಳಿ ಕರುಳು ಚುರ್ ಎಂದಿತು. ಎರಡು ರೊಟ್ಟಿಯ ಹುಮ್ಮಸ್ಸೂ ಸೇರಿತು. "ಅತ್ತೀ, ಈ ಶ್ರಾವಣದಾಗ ನಿಮ್ಮನ್ನ ನನ್ನ ಗಾಡ್ಯಾಗ ಮ್ಯಾಲ ಒಯ್ತೀನಿ. ಮುಂದಿನ ಸೀಟಿನ್ಯಾಗ ಆರಾಮ ಕುಂತ ಬರ್ರಿ" ಎಂದುಬಿಟ್ಟೆ. ಅತ್ತೆಯ ಕೈಯ ರೊಟ್ಟಿ ಒಂದು ಗಳಿಗೆ ಹಾಗೇ ನಿಂತಿತು. ಮಲ್ಲಪ್ಪ ಬಾಗಿಲಲ್ಲಿ ನಿಂತು, "ಮಾಮಾ, ಅದು ಬೆಟಗೇರಿ ಸ್ಪೀಡ್ ಬ್ರೇಕರ್ ಅಲ್ರಿ, ಗುಡ್ಡ ಐತಿ" ಎಂದ. ಹೇಳಿ ಸುಮ್ಮನಾಗಲಿಲ್ಲ, ಸಂಜೆಯೊಳಗೆ ಬೆಳ್ಳಟ್ಟಿಯ ಚಹಾದಂಗಡಿಗಳಿಗೆಲ್ಲ ಖಬರು ಮುಟ್ಟಿಸಿದ.

ಮರುದಿನವೇ ಗಾಡಿಯನ್ನು ಗದಗಿನ ನನ್ನ ಮೆಕ್ಯಾನಿಕ್ ದಾವಲನ ಗ್ಯಾರೇಜಿಗೆ ಒಯ್ದೆ. ದಾವಲ ಮಾತಿನಲ್ಲಿ ದೊಡ್ಡ ಆಸಾಮಿ. ಯಾವ ಗಾಡಿ ಬಂದರೂ ಮೊದಲು ಚಹಾ ತರಿಸುತ್ತಾನೆ, ಆಮೇಲೆ ಗಾಡಿಯನ್ನು ಒಂದು ಸುತ್ತು ಹಾಕಿ ನಿಟ್ಟುಸಿರು ಬಿಡುತ್ತಾನೆ. ಆ ನಿಟ್ಟುಸಿರಿಗೇ ಅರ್ಧ ಗಿರಾಕಿಗಳ ಎದೆ ಒಡೆಯುತ್ತದೆ. ಅವನೂ ಜನ್ಮದಲ್ಲಿ ಗುಡ್ಡ ಹತ್ತಿದವನಲ್ಲ, ಆದರೆ ಮೊಬೈಲಿನಲ್ಲಿ ಜಗತ್ತಿನ ಎಲ್ಲ ಗುಡ್ಡಗಳನ್ನೂ ನೋಡಿದ್ದ. "ಸರ, ಗುಡ್ಡಾ ಹತ್ತಬೇಕಂದ್ರ ಗಾಡಿ ಮೊದಲ ನೆಲಾ ಬಿಡಬೇಕ್ರಿ" ಎಂದ. ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಹೆಚ್ಚಬೇಕು. ಸ್ಪ್ರಿಂಗುಗಳಿಗೆ ದಪ್ಪ ಬಿಲ್ಲೆ ಕೂರಿಸಿ ಎರಡು ಬೆರಳು ಎತ್ತರ ಮಾಡಿದ. ಇಂಜಿನ್ನಿನ ಅಡಿಗೆ ಕಬ್ಬಿಣದ ತಗಡು ಹೊಡೆದ, ಕಲ್ಲು ಬಡಿದರೆ ತಗಡಿಗೆ ಬಡಿಯಲಿ ಎಂದು. ನುಣುಪು ಟಾಯರು ತೆಗೆದು, ಅಂಗೈಯಷ್ಟು ದೊಡ್ಡ ಹಲ್ಲುಗಳಿರುವ ಟಾಯರು ಹಾಕಿದ. ಮುಂದೊಂದು, ಹಿಂದೊಂದು ಕೊಂಡಿ, ಸಿಕ್ಕಿಬಿದ್ದರೆ ಹಗ್ಗ ಕಟ್ಟಿ ಎಳೆಯಲು. ಗುಡ್ಡದ ಬುಡದಲ್ಲಿ ಟಾಯರಿನ ಗಾಳಿ ಒಂದಿಷ್ಟು ಬಿಡಬೇಕು, ಆಗ ಅದು ಮೆತ್ತಗಾಗಿ ನೆಲವನ್ನು ಅಪ್ಪಿ ಹಿಡಿಯುತ್ತದೆ ಎಂದು ಹೇಳಿಕೊಟ್ಟ.

"ಒಂದ ಚಿಂತಿ ಸರ" ಎಂದ ಕೊನೆಗೆ, ಎರಡನೆಯ ಚಹಾ ಕುಡಿಯುತ್ತ. "ನಿಮ್ಮ ಗಾಡಿಗೆ ಎಳಿಯೂ ತಾಕತ್ತು ಮುಂದಿನ ಎರಡು ಗಾಲಿಗೆ ಅಷ್ಟ ಐತಿ. ಹಿಂದಿನವು ಸುಮ್ನ ಬೀಗರಂಗ ಕೂಡ ಬರತಾವು."

"ಮತ್ತ ಹತ್ತತೈತೋ ಇಲ್ಲೋ?"

"ಹತ್ತತೈತ್ರಿ ಸರ! ಗುಡ್ಡಾ ಏನು, ಗಿಡಾ ಹತ್ತತೈತಿ. ನಾ ಅದೀನಲ್ಲ!" ಎಂದು ಎದೆ ತಟ್ಟಿಕೊಂಡ. ಗಿಡವೆಂದರೆ ನಮ್ಮಲ್ಲಿ ಮರ. ಮರ ಹತ್ತುವ ಗಾಡಿಯನ್ನು ನಾನು ಬೆರಗಿನಿಂದ ಮನೆಗೆ ತಂದೆ. ಎರಡು ಬೆರಳು ಎತ್ತರವಾದದ್ದು ನನಗೆ ಎರಡು ಮೊಳವಾದಂತೆ ಕಂಡಿತು. ರಸ್ತೆಯ ಮೇಲಿನ ಸ್ಕೂಟರಿನವರೆಲ್ಲ ಒಮ್ಮೆಲೇ ಗಿಡ್ಡಗಾಗಿದ್ದರು. ಕಸ್ತೂರಿ ಹತ್ತಲು ಕಾಲೆತ್ತಿ, ಸೀರೆ ಹಿಡಿದು, "ಅಯ್ಯ ಶಿವನ, ಇದಕ್ಕೊಂದು ನಿಚ್ಚಣಿಕಿ ಮಾಡಸರಿ ಮೊದಲ" ಎಂದಳು. ಮೆಂತ್ಯದ ವಾಸನೆ ಮಾತ್ರ ಹಾಗೇ ಇತ್ತು.

ಗಾಡಿ ತಯಾರಾದರೆ ಸಾಲದು, ನಾನೂ ತಯಾರಾಗಬೇಕಲ್ಲ. ಅಂತೂರ ಬೆಂತೂರದ ದಾರಿಯಲ್ಲಿ ರಸ್ತೆ ಕೆಲಸಕ್ಕೆಂದು ಗರಸಿನ, ಅಂದರೆ ಜಲ್ಲಿಮಣ್ಣಿನ, ಗುಡ್ಡೆ ಸುರಿದಿದ್ದರು. ಒಂದು ಸಂಜೆ ಹೋಗಿ, ಟಾಯರಿನ ಗಾಳಿ ಬಿಟ್ಟು, ಒಂದನೇ ಗೇರಿನಲ್ಲಿ ಅದನ್ನು ಹತ್ತತೊಡಗಿದೆ. ಕಣ್ಣ ಮುಂದೆ ಮೋಡ, ಗಾಳಿ, ಬಸವಣ್ಣ, ಪಕ್ಕದಲ್ಲಿ ಅತ್ತೆ. ಅರ್ಧ ಹತ್ತಿ ಗಾಡಿ ಗರಸಿನಲ್ಲಿ ಹೂತು ನಿಂತಾಗ ಕನಸೂ ನಿಂತಿತು. ಕಿಟಕಿಯ ಪಕ್ಕ ಒಬ್ಬ ರೈತ ಎತ್ತು ನಿಲ್ಲಿಸಿಕೊಂಡು ಬಹಳ ಹೊತ್ತಿನಿಂದ ನೋಡುತ್ತಿದ್ದವನು, ಮರುಕದಿಂದ, "ಸರ, ಬಾಜೂಕ ರಸ್ತಾ ಐತಲ್ರಿ" ಎಂದ. ಅವನಿಗೆ ಏನೆಂದು ಹೇಳಲಿ? "ಗೊತ್ತೈತ್ರಿ" ಎಂದೆ. "ಗೊತ್ತಿದ್ದೂ ಇದರ ಮ್ಯಾಲ ಹೊಂಟೀರಿ?" ಎಂದ. ಆದರೆ ಪಾಪ, ತನ್ನ ಎತ್ತುಗಳನ್ನು ಹಿಂದಿನ ಕೊಂಡಿಗೆ ಕಟ್ಟಿ ನನ್ನನ್ನು ಬಾಜೂಕಿನ ರಸ್ತೆಗೆ ತಂದು ಬಿಟ್ಟ. ದಾವಲ ಹಾಕಿದ ಕೊಂಡಿಯ ಉಪಯೋಗ ಇಷ್ಟು ಬೇಗ ಆಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಅಷ್ಟಾದರೂ ನನ್ನ ಉತ್ಸಾಹ ತಗ್ಗಲಿಲ್ಲ. ಗಾಡಿ ಹಗುರಾದಷ್ಟೂ ಒಳ್ಳೆಯದೆಂದು ಎಲ್ಲೋ ಕೇಳಿ, ಡಿಕ್ಕಿಯಲ್ಲಿದ್ದದ್ದೆಲ್ಲ ಖಾಲಿ ಮಾಡಿದೆ. ಹಳೆಯ ಪತ್ರಿಕೆ, ಛತ್ರಿ, ಖಾಲಿ ಚೀಲ, ಕೊನೆಗೆ ಕಾಲಡಿಯ ಮ್ಯಾಟನ್ನೂ ತೆಗೆದೆ. ರಾತ್ರಿ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿ ನಾನೂ ಹಗುರಾಗಲು ನೋಡಿದೆ. ಕಸ್ತೂರಿ ಏನೂ ಅನ್ನಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಶ್ರಾವಣದ ಒಂದು ರಜೆಯ ದಿನ ಹೊರಡುವುದೆಂದಾಯಿತು. ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬಂದರೆ ನನ್ನ ಖಾಲಿ ಡಿಕ್ಕಿ ತುಂಬಿ ಕುಳಿತಿತ್ತು. ಖಡಕ್ ರೊಟ್ಟಿಯ ಡಬ್ಬಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ, ಬುತ್ತಿ ಅನ್ನ, ಎರಡು ಕೊಡ ನೀರು, ಹಾಸಲು ಜಮಖಾನೆ. "ನಾವು ಇರೂದ ನಾಕ ಮಂದಿ, ಇಷ್ಟ್ಯಾಕ?" ಎಂದೆ. "ಗುಡ್ಡದ ಮ್ಯಾಲ ಯಾರರ ಬಂದ್ರ?" ಎಂದಳು. ಗುಡ್ಡದ ಮೇಲೆ ಯಾರು ಬರುತ್ತಾರೆ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಬುತ್ತಿ ಕಟ್ಟುವವರು ಬರುವವರನ್ನು ನೋಡಿ ಕಟ್ಟುವುದಿಲ್ಲ, ಬರಬಹುದಾದವರನ್ನು ನೆನೆದು ಕಟ್ಟುತ್ತಾರೆ.

ಇನ್ನು ಸೀಟಿನ ವಿಷಯ. ಗಾಡಿಯಲ್ಲಿ ಜಾಗ ಖಾಲಿ ಇಟ್ಟುಕೊಂಡು ನೆಂಟರ ಊರಿನ ಮೇಲೆ ಹಾದುಹೋಗುವುದು ನಮ್ಮಲ್ಲಿ ಸಣ್ಣ ಅಪರಾಧವಲ್ಲ, ಮುಂದಿನ ಮದುವೆಯವರೆಗೆ ಮಾತಿಗೆ ಆಹಾರವಾಗುತ್ತದೆ. ಶಿರಹಟ್ಟಿಯ ಮೇಲೆ ನೇರ ಹೋಗೋಣವೆಂದರೆ ಕಸ್ತೂರಿ ಲಕ್ಷ್ಮೇಶ್ವರದ ಕಡೆ ತಿರುಗಿಸಿದಳು. ಅಲ್ಲಿ ಅತ್ತೆಯ ಅಕ್ಕ, ಕಸ್ತೂರಿಯ ದೊಡ್ಡವ್ವ ಇದ್ದಾರೆ. ತಂಗಿ ಗುಡ್ಡ ಹತ್ತುವಾಗ ಅಕ್ಕ ಮನೆಯಲ್ಲಿರುವುದು ಹೇಗೆ? ದೊಡ್ಡವ್ವ ಕೈಯಲ್ಲಿ ತೆಂಗಿನಕಾಯಿ, ಕಂಕುಳಲ್ಲಿ ಮೊಸರಿನ ಗಡಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬಲು ಗಟ್ಟಿಮುಟ್ಟಾದ ಜೀವ. ಹಿಂದಿನ ಸೀಟಿನಲ್ಲಿ ಅವರು ಕುಳಿತ ಕೂಡಲೇ ಗಾಡಿ ಒಂದು ಸಲ 'ಉಸ್' ಎಂದಿತು. ಇಳಿದು ನೋಡಿದೆ. ದಾವಲ ಕೊಟ್ಟ ಎರಡು ಬೆರಳು ಹೋಗಿ, ಕಂಪನಿಯವರು ಕೊಟ್ಟದ್ದರಲ್ಲೂ ಒಂದು ಬೆರಳು ಹೋಗಿತ್ತು.

ಹೊಲದ ಮನೆಯಲ್ಲಿ ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. ಎಷ್ಟು ಹೊತ್ತಿನಿಂದ ಕುಳಿತಿದ್ದರೋ, ಕೇಳಿದರೆ "ಈಗ ಬಂದ್ ಕುಂತೆ" ಎಂದರು. ಸೊಸೆ ಒಳಗಿನಿಂದ, "ಬೆಳಗಾದಾಗಿಂದ ಅಲ್ಲೇ ಅದಾರ್ರಿ, ಚಹಾನೂ ಅಲ್ಲೇ ಕುಡದ್ರು" ಎಂದಳು. ಸಣ್ಣ ಮುಕ್ಕಾಲಿ ಇಟ್ಟು ಅವರನ್ನು ಮುಂದಿನ ಸೀಟಿಗೆ ಹತ್ತಿಸಿದೆವು. ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗುಡ್ಡದ ಕಡೆ ನೋಡುತ್ತ ಕುಳಿತರು. ಮಲ್ಲಪ್ಪ ಮೋಟರ್ ಸೈಕಲ್ಲಿನಲ್ಲಿ ಹಿಂದೆ ಬಂದ. ಟ್ರ್ಯಾಕ್ಟರಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಿದ್ದ. ಅವನ ಬದಲು ಹಗ್ಗವೇ ಮಾತಾಡುತ್ತಿತ್ತು.

ದಿಬ್ಬದ ಕೆಳಗಿನ ಭಾಗ ಸಲೀಸಾಗಿ ಹತ್ತಿದೆ. ಅಲ್ಲೊಂದು ತಿರುವು, ತಿರುವಿನಲ್ಲಿ ಚಕ್ಕಡಿ ತಿರುಗಿಸುವಷ್ಟು ಸಮತಟ್ಟಾದ ಜಾಗ, ಪಕ್ಕಕ್ಕೆ ಆನೆಗಾತ್ರದ ಬಂಡೆ. ಅಲ್ಲಿಂದ ಮೇಲಕ್ಕೆ ದಾರಿ ಒಮ್ಮೆಲೇ ಎದ್ದು ನಿಂತಿತ್ತು. ಟಾಯರಿನ ಗಾಳಿ ಇಳಿಸಿ, ಬಸವಣ್ಣನನ್ನು ನೆನೆದು, ಒಂದನೇ ಗೇರು ಹಾಕಿ ಬಿಟ್ಟೆ. ಗಾಡಿ ಮೂಗು ಎತ್ತಿತು. ನಾಲ್ಕು ಮಾರು ಹೋಗಿ ಮುಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದವು. ಹರಳುಗಳು ಸಿಡಿದವು. ಎಂಥದೋ ಸುಟ್ಟ ವಾಸನೆ ಬಂತು. "ರೊಟ್ಟಿ ಹೊತ್ತಂಗಾತು" ಎಂದರು ಹಿಂದಿನಿಂದ ದೊಡ್ಡವ್ವ. ಹೊತ್ತಿದ್ದು ನನ್ನ ಗಾಡಿಯ ಕ್ಲಚ್ಚು. "ಮಾಮಾ, ಹಿಂಭಾರ ಆಗೇತ್ರಿ, ಮೂಗಿನ ಮ್ಯಾಲ ಭಾರ ಇಲ್ಲ" ಎಂದು ಮಲ್ಲಪ್ಪ ಕೂಗಿದ. ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರನ್ನೂ ಇಳಿಸಿದೆ. ಬುತ್ತಿಯನ್ನೂ ಇಳಿಸೋಣವೆಂದರೆ ಕಸ್ತೂರಿ, "ಇರುವಿ ಮುಕರತಾವು" ಎಂದು ಬಿಡಲಿಲ್ಲ. ಮತ್ತೊಮ್ಮೆ ಹತ್ತಿಸಿದೆ. ಮತ್ತೆ ಅಲ್ಲೇ, ಅದೇ ಹರಳಿನ ಮೇಲೆ, ಅದೇ ತಿರುಗಾಟ. ಈ ಸಲ ಗಾಡಿ ಹಿಂದಕ್ಕೆ ಜಾರಿ ತಿರುವಿಗೆ ಬಂದು ನಿಂತಿತು. ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ, ಪಕ್ಕದಲ್ಲಿ ಕೂತವರು ವಯಸ್ಸಾದವರು.

"ಅತ್ತೀ..." ಎಂದೆ.

ಅತ್ತೆ ಕಿಟಕಿಯಿಂದ ಆಚೆ ನೋಡಿದರು. ಆ ತಿರುವಿನಿಂದ ಕಾಣುವುದು ಬಂಡೆ ಮತ್ತು ಜಾಲಿಗಿಡ, ಅಷ್ಟೇ. "ಇರ್ಲಿ ಬಿಡ್ರಿ ಅಳ್ಯಾರ, ಇಲ್ಲಿಂದ್ಲೂ ಛಲೋ ಕಾಣತೈತಿ" ಎಂದರು. ಏನು ಕಾಣುತ್ತಿತ್ತೋ ಅವರಿಗೆ! ನನಗಂತೂ ಜಾಲಿಗಿಡವೂ ಮಂಜಾಗಿ ಕಂಡಿತು. ಅಳುವುದು ಮಾಸ್ತರನಿಗೆ ಒಪ್ಪುವುದಿಲ್ಲವೆಂದು ಗೇರಿನ ಕಡೆ ನೋಡುತ್ತ ಕುಳಿತೆ. ಮಲ್ಲಪ್ಪ ಕೂಡ ಹಂಗಿಸಲಿಲ್ಲ. ಹಗ್ಗವನ್ನು ಹೆಗಲಿನಿಂದ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡ. ಅದು ಇನ್ನೂ ಕಷ್ಟವಾಯಿತು.

ಗಾಡಿಯನ್ನು ಅಲ್ಲೇ ತಿರುಗಿಸಿ ಮೂಗನ್ನು ಊರಿನ ಕಡೆ ಮಾಡಿದೆ. ಕಸ್ತೂರಿ, ದೊಡ್ಡವ್ವ ಹಿಂದೆ ಹತ್ತಿ ಕುಳಿತರು. ಇನ್ನೇನು ಹೊರಡಬೇಕು, ದೊಡ್ಡವ್ವ ನನ್ನ ಭುಜಕ್ಕೆ ತಿವಿದರು. "ಅಲ್ರೀ, ಕಾಯಿ?"

"ಯಾವ ಕಾಯಿ?"

"ಬಸವಣ್ಣನ ಕಾಯಿ. ದೇವರಿಗಂತ ತಂದ ಕಾಯಿ ಮನಿಗೆ ತಿರುಗಿ ಒಯ್ಯಾಕ ಬರತೈತೇನು?"

ಇಲ್ಲೇ ಒಡೆಯೋಣ ಎಂದೆ. ಇಲ್ಲಿಂದ ಬಸವಣ್ಣ ಕಾಣುವುದಿಲ್ಲ, ಬಂಡೆ ಅಡ್ಡ ಇದೆ, ದೇವರ ಕಣ್ಣಿಗೆ ಬೀಳದಲ್ಲಿ ಕಾಯಿ ಒಡೆದರೆ ಅದು ಬಂಡೆಗೆ ಒಡೆದಂತೆ ಎಂದು ಅವರ ವಾದ. ನಡೆದು ಹೋಗಿ ಎಂದರೆ ಅವರಿಗೆ ದಮ್ಮು. ಮಲ್ಲಪ್ಪ ಒಡೆಯಲಿ ಎಂದರೆ ಹರಕೆ ಅವರದು. "ನಾಕ ಮಾರು ಹಿಂದಕ್ಕ ತಗೋರಿ, ಆ ಬಂಡಿಗಲ್ಲು ದಾಟಿದ್ರ ಸಾಕು. ಅಲ್ಲಿಂದ ಅವ ಕಾಣತಾನ" ಎಂದರು. ವಾದ ಮಾಡುವ ಶಕ್ತಿ ನನಗೂ ಉಳಿದಿರಲಿಲ್ಲ. ಹಿಂದಿನ ಗೇರು ಹಾಕಿದೆ. ನಾಲ್ಕು ಮಾರು ಹೋಗಿ ನಿಲ್ಲುತ್ತದೆ, ಕಾಯಿ ಒಡೆಯುತ್ತಾರೆ, ಮನೆಗೆ ಹೋಗಿ ಕೌದಿ ಹೊದ್ದು ಮಲಗುತ್ತೇನೆ ಎಂದುಕೊಂಡು ಕತ್ತು ತಿರುಗಿಸಿ ಗಾಡಿ ಬಿಟ್ಟೆ.

ಗಾಡಿ ಹೋಯಿತು. ಬಂಡೆ ದಾಟಿತು. ನಿಲ್ಲಲೇ ಇಲ್ಲ. ಮೂಗು ಮುಂದಾಗಿ ಹತ್ತಲಾರದ ಹರಳಿನ ಜಾಗವನ್ನು ಹಿಂದುಹಿಂದಾಗಿ, ಮಾತಾಡದೆ, ವಾಸನೆ ಬರಿಸದೆ ಹತ್ತಿತು. ಈಗ ತಾಕತ್ತಿರುವ ಗಾಲಿಗಳು ಕೆಳಗಾಗಿದ್ದವು, ಗಾಡಿಯ ಭಾರವೆಲ್ಲ ಅವುಗಳ ಮೇಲೆ ಬಿದ್ದಿತ್ತು ಎಂಬುದೆಲ್ಲ ನನಗೆ ಆಮೇಲೆ ಹೊಳೆದದ್ದು. ಆಗ ಹೊಳೆದದ್ದು ಒಂದೇ, ನಿಲ್ಲಿಸಬಾರದು. ಮಲ್ಲಪ್ಪ ಮೋಟರ್ ಸೈಕಲ್ ಅಲ್ಲೇ ಬಿಟ್ಟು ನನ್ನ ಹಿಂದೆ, ಅಂದರೆ ಮೇಲೆ, ಓಡಿ ಬಂದು ಕೈ ಬೀಸುತ್ತ ಕೂಗತೊಡಗಿದ: "ಬರ್ರಿ ಮಾಮಾ, ಬರ್ರಿ! ಎಡಕ್ಕ! ಸೀದಾ! ನಿಲ್ಲಸಬ್ಯಾಡ್ರಿ!" ದೊಡ್ಡವ್ವ, "ಸಾಕ್ರಿ, ಕಂಡಾ, ಬಸವಣ್ಣ ಕಂಡಾ" ಎನ್ನುತ್ತಿದ್ದರು. ನಾನು ಯಾರ ಮಾತನ್ನೂ ಕೇಳಲಿಲ್ಲ.

ಇನ್ನು ನಾನು ಕಂಡದ್ದೇನು ಕೇಳಿ. ಗುಡ್ಡ ಹತ್ತುವ ಕನಸನ್ನು ಅಷ್ಟು ದಿನ ಸಾಕಿದವನು ನಾನು. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ರೊಟ್ಟಿಯ ಡಬ್ಬಿ, ಮೊಸರಿನ ಗಡಿಗೆ, ದೊಡ್ಡವ್ವನ ಕಿವಿ, ಹಿಂದಿನ ಗಾಜಿನಲ್ಲಿ ಕುಣಿಯುತ್ತಿದ್ದ ಮಲ್ಲಪ್ಪ. ಮೋಡ, ಬಯಲು, ಗಾಳಿಯಂತ್ರ ಎಲ್ಲ ನನ್ನ ಬೆನ್ನಿಗಿದ್ದವು. ಆದರೆ ಎಡಕ್ಕೆ ಕತ್ತು ತಿರುಗಿಸಿದ್ದರಿಂದ ಕಣ್ಣಂಚಿನಲ್ಲಿ ಅತ್ತೆಯ ಮುಖ ಇತ್ತು. ಗಾಡಿ ಹಿಂದಕ್ಕೆ ಏರಿದಂತೆ ಅವರ ಮುಂದಿನ ಗಾಜಿನಲ್ಲಿ ಬಯಲು ಸಾವಕಾಶ ಬಿಚ್ಚಿಕೊಳ್ಳುತ್ತಿತ್ತು. ಅವರು ಮಡಿಲಿನಿಂದ ಕೈ ತೆಗೆದು ಮುಂದಿನ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ಮೊದಲು ಊರಿನ ನೀರಿನ ಟಾಕಿ ಕಂಡಿತಂತೆ. ಆಮೇಲೆ ಹಳ್ಳ, ಹಳ್ಳದ ಸಾಲಿನ ಹುಣಸೆಮರ. ಆಮೇಲೆ ಅವರು ಒಮ್ಮೆಲೇ, "ಅಕಾ! ಕೌದಿ!" ಎಂದರು.

"ಏನತ್ತೀ?"

"ನಮ್ಮ ಮಾಳಿಗಿ ಮ್ಯಾಲ ಕೆಂಪು ಕೌದಿ ಹರವಿ ಬಂದಿದ್ದೆ ಅಳ್ಯಾರ. ಇಷ್ಟ ಮನ್ಯಾಗ ನಮ್ಮದ್ಯಾವುದಂತ ಗುರ್ತು ಹತ್ತದಿದ್ರ ಅಂತ. ಕಂಡ್ತು ನೋಡ್ರಿ. ಅಯ್ಯ, ಎಷ್ಟ್ ಸಣ್ಣದೈತಿ! ಇಷ್ಟ ಸಣ್ಣ ಮನ್ಯಾಗ ಅಷ್ಟ ಮಂದಿ ಇದ್ದೀವಾ!"

ಅವರು ತುಂಬಿದ ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಅಷ್ಟು ಹೊತ್ತು ಕೌದಿ ತಪ್ಪುತ್ತದಲ್ಲ. ನಾನು ಬಿಲ್ಲೆ, ತಗಡು, ಟಾಯರು ಎಂದು ತಿಂಗಳುಗಟ್ಟಲೆ ಗುಡ್ಡಕ್ಕೆ ತಯಾರಾಗುತ್ತಿದ್ದಾಗ ಅತ್ತೆಯೂ ತಮ್ಮ ಪಾಡಿಗೆ ತಯಾರಾಗಿದ್ದರು, ಒಂದು ಕೌದಿ ಹರವಿ.

ನೆತ್ತಿಯ ಮೇಲೆ ಬೇವಿನ ಮರದ ಕೆಳಗೆ ಗಾಡಿ ನಿಂತಿತು. ನಾನು ಇಳಿದೆ. ಕತ್ತು ಮಾತ್ರ ಎಡಕ್ಕೇ ನಿಂತಿತು. ಬಲಕ್ಕೆ ತಿರುಗಿಸಲು ಹೋದರೆ ಜೀವ ಹೋಗುತ್ತಿತ್ತು. ಬಸವಣ್ಣನಿಗೆ ಓರೆಯಾಗಿಯೇ ಕೈ ಮುಗಿದೆ. ಮೈಯನ್ನೆಲ್ಲ ಸುತ್ತಿಸಿ, ಹೇಗೋ ಬಯಲಿನ ಕಡೆ ಮುಖ ಮಾಡಿದೆನೋ ಇಲ್ಲವೋ, ಶಿರಹಟ್ಟಿಯ ಕಡೆಯಿಂದ ಒಂದು ಮಳೆಮೋಡ ಎದ್ದು ಬಂದು ಕೆಳಗಿನದನ್ನೆಲ್ಲ ಬೆಳ್ಳಗೆ ಮುಚ್ಚಿಬಿಟ್ಟಿತು. ಟಾಕಿಯಿಲ್ಲ, ಹಳ್ಳವಿಲ್ಲ, ಮನೆಯಿಲ್ಲ, ಕೌದಿಯಿಲ್ಲ. "ಈಗ ಇತ್ತಲ್ರಿ" ಎಂದರು ಅತ್ತೆ, ನನಗಾಗಿ ಬಹಳ ಮರುಗಿ.

ದೊಡ್ಡವ್ವನಿಗೆ ಬೇರೆ ಚಿಂತೆ. ಗಾಡಿಯ ಬೆನ್ನು ಬಸವಣ್ಣನ ಕಡೆಗಿತ್ತು. "ದೇವರಿಗೆ ಬೆನ್ನು ತೋರಿಸ್ಕೋತ ಬಂದ್ವೆಲ್ಲೇ ಗಂಗಾ, ಇದು ಛಲೋ ಅಲ್ಲ" ಎಂದರು. ಅತ್ತೆ ಮಲ್ಲಪ್ಪನ ಭುಜ ಹಿಡಿದು ಕಟ್ಟೆಯ ಮೇಲೆ ಕುಳಿತು, "ಅಕ್ಕಾ, ಗುಡ್ಯಾಗ ನಾವು ಬಸವಣ್ಣನ ಬೆನ್ನಿಗೆ ನಿಂತು, ಬಾಲಾ ಮುಟ್ಟಿ, ಕೊಂಬಿನ ನಡುವ ಈಶ್ವರನ್ನ ನೋಡೂದಿಲ್ಲೇನು? ಹಿಂದಿಂದ ನೋಡೂದು ಅವಗೇನು ಹೊಸಾದು?" ಎಂದರು. ದೊಡ್ಡವ್ವ ಒಪ್ಪಿ ಕಾಯಿ ಒಡೆದರು. ಅಷ್ಟರಲ್ಲಿ ಮಳೆಗೆ ಸಿಕ್ಕ ಕುರಿ ಕಾಯುವವರು ನಾಲ್ಕು ಮಂದಿ ಬೇವಿನ ಮರಕ್ಕೆ ಓಡಿ ಬಂದರು. ಕಸ್ತೂರಿ ನನ್ನ ಕಡೆ ಒಮ್ಮೆ ನೋಡಿ ಬುತ್ತಿ ಬಿಚ್ಚಿದಳು. ಮಾದಲಿಯೊಂದು ಚೂರೂ ಉಳಿಯಲಿಲ್ಲ.

ಊರಿಗೆ ಬಂದ ಮೇಲೆ ದಾವಲನಿಗೆ ನಡೆದದ್ದನ್ನೆಲ್ಲ ಹೇಳಿ, ಇಷ್ಟು ಎತ್ತರ ಮಾಡಿಸಿದ್ದು ದಂಡವಾಯಿತಲ್ಲ ಎಂದೆ. ಅವನಿಗ್ಯಾವ ನಾಚಿಕೆ! "ನಾ ಹೇಳಿದ್ನೆಲ್ರಿ ಸರ, ಹತ್ತತೈತಿ ಅಂತ. ಯಾ ಕಡಿಂದ ಅಂತ ನೀವು ಕೇಳಲೇ ಇಲ್ಲ" ಎಂದು ಚಹಾ ತರಿಸಿದ. ನಾನು ಕತ್ತಿಗೆ ಎಣ್ಣೆ ತಿಕ್ಕಿಸಿಕೊಂಡು, ಅಡ್ಡ ಕತ್ತಿನಲ್ಲೇ ವಾರಗಟ್ಟಲೆ ಪಾಠ ಮಾಡಿದೆ. ಎಡಗಡೆ ಕೂತ ಮಕ್ಕಳು ಅಷ್ಟು ದಿನ ಗದ್ದಲ ಮಾಡಲಿಲ್ಲ.

ಅತ್ತೆ ಫೋನು ಮಾಡಿದರು. "ನೀವು ಚಿತ್ರಾ ಬರಿಯೋರು, ಅವತ್ತ ಕಂಡದ್ದನ್ನ ಒಂದು ಬರದ್ ಕೊಡ್ರಿ, ಪಡಸಾಲ್ಯಾಗ ಹಾಕತೀನಿ." ನಾನು ಏನು ಕಂಡಿದ್ದೆ ಬರೆಯಲು? ಅವರನ್ನೇ ಕೇಳಿ ಕೇಳಿ ಬರೆದೆ. ಟಾಕಿ ಎಲ್ಲಿ, ಹಳ್ಳ ಯಾವ ಕಡೆ ಬಾಗಿತ್ತು, ಕೌದಿ ಎಷ್ಟು ದೊಡ್ಡದು ಕಂಡಿತು. "ಎಲಿ ಅಡಿಕಿ ಎಲಿಯಷ್ಟು. ಇಲ್ಲ, ಅಷ್ಟೂ ಇಲ್ಲ, ಕುಂಕುಮದ ಬಟ್ಟಿನಷ್ಟು" ಎಂದರು. ವರ್ಷಗಟ್ಟಲೆ ಮಕ್ಕಳಿಗೆ ಗುಡ್ಡ ಕಲಿಸಿದ ಮಾಸ್ತರ ಹೀಗೆ ಒಂದು ಫೋನಿನ ಮೇಲೆ ಗುಡ್ಡ ಕಲಿತ. ಚಿತ್ರ ಚೆನ್ನಾಗಿ ಬಂತು. ದಿಬ್ಬವನ್ನೂ ಬರೆದು, ನನಗೂ ಒಂದಿಷ್ಟು ಇರಲಿ ಎಂದು ಚಕ್ಕಡಿ ದಾರಿಯ ಮೇಲೆ ಗಾಡಿ ಬರೆದೆ. ಜಾಹೀರಾತಿನಲ್ಲಿ ಇದ್ದ ಹಾಗೇ, ಮೂಗು ಮೇಲೆ ಮಾಡಿ, ಮೋಡದ ಕಡೆ ನುಗ್ಗುವ ಹಾಗೆ. ಯಾರಿಗೆ ಗೊತ್ತಾಗಬೇಕು?

ಚಿತ್ರ ಒಯ್ದು ಕೊಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕೌದಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ಎಲ್ಲಾ ಬರೋಬರಿ ಐತ್ರಿ ಅಳ್ಯಾರ" ಎಂದರು. "ಗಾಡಿ ಒಂದು ತಿರುವಿ ಬರೀರಿ. ಹಿಂಗ ಹೋಗಿದ್ರ ನಾ ನಮ್ಮ ಮನಿ ಹೆಂಗ ನೋಡತಿದ್ದೆ?"

ಅಲ್ಲೇ ಕಟ್ಟೆಯ ಮೇಲೆ ಕುಳಿತು ಅಳಿಸಿದೆ. ಗಾಡಿಯನ್ನು ತಿರುವಿ ಬರೆದೆ. ಅದರೊಳಗಿನ ಡ್ರೈವರನ ಕತ್ತನ್ನೂ ಎಡಕ್ಕೆ ತಿರುವಿದೆ. ಬರೆಯುವಾಗ ನನ್ನದು ಇನ್ನೂ ಸಣ್ಣಗೆ ನೋಯುತ್ತಿತ್ತು.